ಆಕಾಶದಲ್ಲಿ ಹದಿಮೂರು ದಿನ

ಶೌರ್ಯಕ್ಕಾಗಿ ಕೊಡುವ ಪದಕಗಳ ವಿಷಯದಲ್ಲಿ ನನಗೆ ಬಹುಕಾಲದಿಂದ ಕುತೂಹಲ. ಪದಕವು ಪಡೆದವನ ಎದೆಗಾರಿಕೆಗೆ ಸಾಕ್ಷಿ. ಕೊಟ್ಟವರ ಉದ್ದೇಶಕ್ಕೂ ಸಾಕ್ಷಿ. ತನ್ನ ನಾಡಿಗಾಗಿ ಹೋರಾಡಿದವನನ್ನು ಅವನ ನಾಡೇ ಮನ್ನಿಸಿದಲ್ಲಿ ಯಾವ ತೊಡಕೂ ಇಲ್ಲ. ನಾವು ತಲೆಬಾಗಿ ಮುಂದೆ ನಡೆಯುತ್ತೇವೆ. ಆದರೆ ಪರಾಧೀನ ದೇಶದಲ್ಲಿ ಹುಟ್ಟಿದ ತರುಣನೊಬ್ಬ ಆಳುವವರ ಯುದ್ಧದಲ್ಲಿ ಕಾದಿ, ಆಳುವವರಿಂದಲೇ ಮನ್ನಣೆ ಪಡೆದರೆ, ಆ ಪದಕವನ್ನು ನಾವು ಯಾವ ಕಣ್ಣಿನಿಂದ ನೋಡಬೇಕು?

ಈ ಪ್ರಶ್ನೆಯನ್ನು ನನ್ನ ಮುಂದೆ ಬಿಡದೆ ನಿಲ್ಲಿಸಿದವನು ಇಂದ್ರಲಾಲ್ ರಾಯ್. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಯುದ್ಧವಿಮಾನವನ್ನು ನಡೆಸಿ, ಹತ್ತು ಶತ್ರುವಿಮಾನಗಳ ಲೆಕ್ಕವನ್ನು ತನ್ನ ಹೆಸರಿಗೆ ಬರೆಯಿಸಿಕೊಂಡು, 1918ನೆಯ ಜುಲೈ 22ರಂದು ಫ್ರಾನ್ಸಿನ ಆಕಾಶದಲ್ಲಿ ಮಡಿದ ಬಂಗಾಳಿ ಅವನು. ಆಗ ಅವನಿಗೆ ಹತ್ತೊಂಬತ್ತು ವರ್ಷ ಏಳು ತಿಂಗಳು. ನಮ್ಮ ಕಾಲೇಜುಗಳಲ್ಲಿ ಓದುವ ಹುಡುಗರ ಪ್ರಾಯ. ಕಾಲವಾಗಿ ನೂರು ವರ್ಷ ದಾಟಿದ ವೀರನನ್ನು ಏಕವಚನದಲ್ಲಿ ಕರೆಯುವುದು ವಾಡಿಕೆಯಲ್ಲ. ಆದರೂ ಹತ್ತೊಂಬತ್ತರಲ್ಲೇ ನಿಂತುಹೋದವನಿಗೆ ಬಹುವಚನ ಹಚ್ಚಲು ನನ್ನ ಮನಸ್ಸು ಒಪ್ಪದು. ಸಹೃದಯರಿಗೂ ಇದು ಸಮ್ಮತವಾದೀತೆಂದು ನಂಬಿದ್ದೇನೆ.

ಇಂದ್ರಲಾಲ್ ಹುಟ್ಟಿದ್ದು 1898ನೆಯ ಡಿಸೆಂಬರ್ 2ರಂದು, ಕಲ್ಕತ್ತೆಯಲ್ಲಿ. ತಂದೆ ಪ್ಯಾರಿಲಾಲ್ ರಾಯ್ ಹೆಸರಾಂತ ಬ್ಯಾರಿಸ್ಟರು. ಮೂಲ ಮನೆತನ ಪೂರ್ವ ಬಂಗಾಳದ ಬಾರಿಸಾಲ್ ಜಿಲ್ಲೆಯದು. ತಾಯಿ ಲಲಿತಾ ರಾಯ್ ಅವರ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಆಕೆ ಲಂಡನ್ನಿನಲ್ಲಿ ಮನೆ ಹೂಡಿದ್ದರು. ಆ ಕಾಲದಲ್ಲಿ ಇಂಗ್ಲೆಂಡಿನ ಹೆಂಗಸರು ಮತದಾನದ ಹಕ್ಕಿಗಾಗಿ ನಡೆಸಿದ ಚಳವಳಿಯಲ್ಲಿ ಆಕೆಯೂ ಸೇರಿದರು. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಮಯದಲ್ಲಿ ಹೆಂಗಸರು ಲಂಡನ್ನಿನಲ್ಲಿ ನಡೆಸಿದ ಬೃಹತ್ ಮೆರವಣಿಗೆಯಲ್ಲಿ ಸೀರೆಯುಟ್ಟ ಭಾರತೀಯ ಸ್ತ್ರೀಯರ ಒಂದು ಗುಂಪೂ ಇದ್ದಿತು. ಅವರೊಳಗೆ ಲಲಿತಾ ರಾಯ್ ಒಬ್ಬರು. ತನಗೆ ನಿರಾಕರಿಸಿದ್ದನ್ನು ಕೇಳಿ ಪಡೆಯುವ ಹಟ ಆ ಮನೆಯ ಗಾಳಿಯಲ್ಲೇ ಇದ್ದಿತೆಂದು ತೋರುತ್ತದೆ.

ಹುಡುಗರು ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದರು. ಅಣ್ಣ ಪರೇಶಲಾಲ್ ಕೇಂಬ್ರಿಜ್‌ನಲ್ಲಿ ಮುಷ್ಟಿಯುದ್ಧದಲ್ಲಿ ಹೆಸರು ಮಾಡಿ, ಮಹಾಯುದ್ಧದಲ್ಲಿ ಸೈನಿಕನಾಗಿ ದುಡಿದು, ಮುಂದೆ ಭಾರತಕ್ಕೆ ಮರಳಿ ಈ ದೇಶದ ಬಾಕ್ಸಿಂಗ್ ಕ್ರೀಡೆಗೆ ಪಿತಾಮಹನೆನಿಸಿಕೊಂಡ. ತಮ್ಮ ಇಂದ್ರಲಾಲನಿಗೆ ಯಂತ್ರಗಳ ಹುಚ್ಚು. ಅದರ ಜೊತೆಗೆ ಕೈಯಲ್ಲಿ ಚಿತ್ರಕಲೆಯಿದ್ದಿತು. 1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಅವನಿಗೆ ಹದಿನೈದು ತುಂಬಿತ್ತಷ್ಟೆ. ಸುತ್ತಲಿನ ಹಿರಿಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಸೇನೆಗೆ ಸೇರಿ, ಒಬ್ಬೊಬ್ಬರಾಗಿ ಗತಿಸಿದವರ ಪಟ್ಟಿಗೆ ಏರುತ್ತಿದ್ದ ವರ್ಷಗಳಲ್ಲಿ ಅವನ ಶಾಲೆಯ ಓದು ಮುಗಿಯಿತು.

1917ನೆಯ ಏಪ್ರಿಲಿನಲ್ಲಿ ಅವನು ರಾಯಲ್ ಫ್ಲೈಯಿಂಗ್ ಕೋರ್ ಎಂಬ ವಾಯುದಳವನ್ನು ಸೇರಲು ಮುಂದಾದ. ಅದು ಎಂಥ ತಿಂಗಳು ಎಂಬುದನ್ನು ವಾಚಕರು ಗಮನಿಸಬೇಕು. ಆ ಒಂದೇ ತಿಂಗಳಿನಲ್ಲಿ ಬ್ರಿಟಿಷರು ಪಶ್ಚಿಮ ರಣರಂಗದಲ್ಲಿ 200ಕ್ಕಿಂತ ಹೆಚ್ಚು ವಿಮಾನಗಳನ್ನು ಕಳೆದುಕೊಂಡರು. ಚರಿತ್ರೆಯಲ್ಲಿ ಅದಕ್ಕೆ ರಕ್ತದ ಏಪ್ರಿಲ್ ಎಂದೇ ಹೆಸರು. ಹೊಸ ವೈಮಾನಿಕನ ಆಯುಸ್ಸನ್ನು ವಾರಗಳಲ್ಲಿ ಎಣಿಸುತ್ತಿದ್ದ ಕಾಲ. ಅಂಥ ಬಾಗಿಲನ್ನು ಹುಡುಕಿಕೊಂಡು ಹೋದ ಹುಡುಗನಿಗೆ ಒಳಗೆ ಪ್ರವೇಶವಿಲ್ಲವೆಂಬ ಉತ್ತರ ಬಂದಿತು. ದೃಷ್ಟಿ ಸಾಲದೆಂದು ವೈದ್ಯರು ತೀರ್ಮಾನಿಸಿದ್ದರು.

ಬೇರೆಯವರಾದರೆ ಬದುಕಿದೆಯಾ ಬಡಜೀವವೇ ಎಂದು ಮನೆಗೆ ನಡೆಯುತ್ತಿದ್ದರು. ಇಂದ್ರಲಾಲ್ ತನ್ನ ಮೋಟಾರ್ ಸೈಕಲ್ಲನ್ನು ಮಾರಿದ. ಬಂದ ಹಣವನ್ನು ತೆಗೆದುಕೊಂಡು ಹೋಗಿ ಹೆಸರಾಂತ ನೇತ್ರತಜ್ಞರೊಬ್ಬರಿಗೆ ಶುಲ್ಕ ತೆತ್ತು ತನ್ನ ಕಣ್ಣುಗಳನ್ನು ಮರುಪರೀಕ್ಷೆ ಮಾಡಿಸಿಕೊಂಡ. ಅವರ ಅಭಿಪ್ರಾಯದಿಂದ ಮೊದಲಿನ ತೀರ್ಮಾನ ಬಿದ್ದುಹೋಯಿತು. 1917ನೆಯ ಜುಲೈ 5ರಂದು ಅವನು ಸೆಕೆಂಡ್ ಲೆಫ್ಟಿನೆಂಟ್ ಪದವಿಯನ್ನು ಪಡೆದ. ಹದಿನೆಂಟು ವರ್ಷದ ಹುಡುಗನಿಗೆ ಪ್ರಾಣಸಮಾನವಾದ ವಾಹನವನ್ನು ಮಾರಿ ಅವನು ಕೊಂಡದ್ದು ಅಪಾಯದ ಹಕ್ಕನ್ನು.

ಈ ಅಧಿಕಾರಪದವಿಗೆ ಇನ್ನೊಂದು ಅರ್ಥವೂ ಇದ್ದಿತು. ಭಾರತದಿಂದ ಸುಮಾರು 13 ಲಕ್ಷ ಜನ ಆ ಯುದ್ಧದಲ್ಲಿ ದುಡಿದರು. 74 ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಮಡಿದರು. ಆದರೂ ಬ್ರಿಟಿಷ್ ಅಧಿಕಾರಿಯೊಡನೆ ಸಮಾನ ಸ್ಥಾನದಲ್ಲಿ ನಿಲ್ಲುವ ದೊರೆಯ ಕಮಿಷನ್ ಭೂಸೇನೆಯಲ್ಲಿ ಭಾರತೀಯ ಯೋಧನಿಗೆ ಎಟುಕದ ವಸ್ತುವಾಗಿದ್ದಿತು. ಆ ತಡೆಯನ್ನು ತೆಗೆಯುವ ಘೋಷಣೆ ಬಂದದ್ದು 1917ರ ಆಗಸ್ಟಿನಲ್ಲಿ. ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಸಹ ಭಾರತೀಯ ಸೈನಿಕರಿಗೆ ತೆರೆದದ್ದು 1911ರಲ್ಲಿ. ಅದಕ್ಕೆ ಮೊದಲು ಅವರ ಪರಾಕ್ರಮಕ್ಕೆ ಬೇರೆಯ ಪದಕ, ಬೇರೆಯ ಪಂಕ್ತಿ. ವಾಯುದಳದಲ್ಲಾದರೋ 1917ರ ವಸಂತದಿಂದ ಬೆರಳೆಣಿಕೆಯ ಭಾರತೀಯರು ಅಧಿಕಾರಿಗಳಾಗಿ ಬಂದರು: ಪಂಜಾಬಿನ ಹರದಿತ್ ಸಿಂಗ್ ಮಲಿಕ್, ಮುಂಬಯಿಯ ಶ್ರೀಕೃಷ್ಣ ವೆಲಿಂಗಕರ್, ಬಂಗಾಳದ ಸೇನ್, ನಮ್ಮ ಇಂದ್ರಲಾಲ್. ಮಲಿಕ್ ತಮ್ಮ ಪೇಟವನ್ನು ಬಿಡಲೊಪ್ಪದೆ ಅದರ ಮೇಲೆ ಹೊಂದುವ ದೊಡ್ಡ ಶಿರಸ್ತ್ರಾಣವನ್ನು ಧರಿಸಿ ಹಾರುತ್ತಿದ್ದರು.

ತರಬೇತಿ ಮುಗಿದ ಮೇಲೆ ಅಕ್ಟೋಬರ್ 30ರಂದು ಇಂದ್ರಲಾಲ್ ಫ್ರಾನ್ಸಿನಲ್ಲಿದ್ದ 56ನೆಯ ಸ್ಕ್ವಾಡ್ರನ್ನಿಗೆ ಬಂದ. ವಾಯುದಳದಲ್ಲೇ ಪ್ರಖ್ಯಾತವಾದ ತುಕಡಿ ಅದು. ಅವನು ಬರುವುದಕ್ಕೆ ಮೂರು ದಿನ ಮೊದಲು ಆ ತುಕಡಿ ಆರ್ಥರ್ ರೀಸ್ ಡೇವಿಡ್ಸ್ ಎಂಬ ಇಪ್ಪತ್ತು ವರ್ಷದ ವೀರನನ್ನು ಕಳೆದುಕೊಂಡಿದ್ದಿತು. ಪಾಳಿ ಗ್ರಂಥಗಳನ್ನು ಶೋಧಿಸಿ ಅಚ್ಚು ಹಾಕಿಸಿ ಬೌದ್ಧಧರ್ಮದ ಅಧ್ಯಯನಕ್ಕೆ ಮಹೋಪಕಾರ ಮಾಡಿದ ರೀಸ್ ಡೇವಿಡ್ಸ್ ದಂಪತಿಗಳ ಮಗನೇ ಈತ. ಅಹಿಂಸೆಯ ಶಾಸ್ತ್ರವನ್ನು ಲೋಕಕ್ಕೆ ತಿಳಿಸಿದವರ ಮಗ ಇಪ್ಪತ್ತೈದು ವಿಮಾನಗಳನ್ನು ಉರುಳಿಸಿ ತಾನೂ ಉರುಳಿದ. ಆ ಯುದ್ಧ ಯಾರ ಮನೆಯನ್ನೂ ಬಿಡಲಿಲ್ಲ.

ಡಿಸೆಂಬರ್ 6ರಂದು ಇಂದ್ರಲಾಲನ ವಿಮಾನ ನೆಲಕ್ಕೆ ಬಡಿಯಿತು. ಪ್ರಜ್ಞೆಯಿಲ್ಲದ ದೇಹವನ್ನು ಆಸ್ಪತ್ರೆಗೆ ಸಾಗಿಸಿದರು. ಜೀವವಿಲ್ಲವೆಂದು ಭಾವಿಸಿ ಅವನನ್ನು ಶವಾಗಾರದಲ್ಲಿ ಮಲಗಿಸಿದ್ದರೆಂದೂ, ಎಚ್ಚರವಾದಾಗ ಅವನು ಒಳಗಿನಿಂದ ಬಾಗಿಲನ್ನು ಬಡಿದು ಕಾವಲುಗಾರನನ್ನು ನಡುಗಿಸಿದನೆಂದೂ ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಕಥೆ ಬೆಳೆಯುತ್ತ ಬಣ್ಣ ಪಡೆದಿರಬಹುದು. ಆದರೆ ಗಾಯ ಕಥೆಯಲ್ಲ. ಅವನು ತಿಂಗಳುಗಟ್ಟಲೆ ಹಾರಾಟದಿಂದ ದೂರವಿರಬೇಕಾಯಿತು.

ಆ ವಿಶ್ರಾಂತಿಯ ದಿನಗಳಲ್ಲಿ ಅವನು ಚಿತ್ರ ಬರೆದ. ಬರೆದದ್ದೆಲ್ಲ ವಿಮಾನಗಳೇ. ಅವುಗಳಲ್ಲಿ ಅನೇಕ ಇಂದಿಗೂ ಉಳಿದಿವೆ. ಅವನ ಜೀವನದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿಯುವ ಭಾಗ ಇದು. ವಿಮಾನದಿಂದಲೇ ಸಾವಿನ ಹೊಸ್ತಿಲಿಗೆ ಹೋಗಿ ಮರಳಿದವನು ಮತ್ತೆ ವಿಮಾನದ ರೆಕ್ಕೆಯನ್ನೂ ಬಾಲವನ್ನೂ ಅಷ್ಟು ಅಕ್ಕರೆಯಿಂದ ತಿದ್ದುತ್ತ ಕುಳಿತನಲ್ಲ! ಹಗೆಯಿಂದ ಅವನು ಆಕಾಶಕ್ಕೆ ಏರಿದನೆಂದು ನನಗೆ ತೋರುವುದಿಲ್ಲ. ಆ ಯಂತ್ರದ ಮೇಲೆ, ಹಾರುವ ವಿದ್ಯೆಯ ಮೇಲೆ ಅವನಿಗಿದ್ದುದು ಪ್ರೀತಿ. ಆ ಪ್ರೀತಿಗೆ ಅವನ ಕಾಲ ತೋರಿಸಿದ ದಾರಿ ಯುದ್ಧವೊಂದೇ.

ವೈದ್ಯರು ಈಗ ಎರಡನೆಯ ಸಲ ನಿರಾಕರಿಸಿದರು. ಹಾರುವುದಕ್ಕೆ ಅವನ ದೇಹ ಯೋಗ್ಯವಲ್ಲವೆಂದರು. ಅವನು ಮತ್ತೆ ಅಧಿಕಾರಿಗಳ ಬೆನ್ನು ಹತ್ತಿ ಆ ಮಾತನ್ನು ಬದಲಿಸಿದ. 1918ನೆಯ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಎಂಬ ಸ್ವತಂತ್ರ ವಾಯುಪಡೆ ಹುಟ್ಟಿಕೊಂಡಿದ್ದಿತು. ಅದರ 40ನೆಯ ಸ್ಕ್ವಾಡ್ರನ್ನಿಗೆ ಇಂದ್ರಲಾಲ್ ಜೂನ್ ತಿಂಗಳಿನಲ್ಲಿ ಸೇರಿದ. ಜಾರ್ಜ್ ಮ್ಯಾಕೆಲ್‌ರಾಯ್ ಎಂಬ ಐರಿಷ್ ವೀರ ಅವನ ನಾಯಕ. ಆಕಾಶಯುದ್ಧದ ಒಳಮರ್ಮಗಳನ್ನು ಈತ ಶಿಷ್ಯನಿಗೆ ಕಲಿಸಿಕೊಟ್ಟನೆನ್ನುತ್ತಾರೆ.

ಅವನು ನಡೆಸಿದ ಎಸ್.ಇ.5ಎ ವಿಮಾನ ಒಬ್ಬನೇ ಕುಳಿತುಕೊಳ್ಳುವಂಥದು; ಮರದ ಕಟ್ಟು, ಅದರ ಮೇಲೆ ಬಿಗಿದ ಬಟ್ಟೆ. ಎಂಜಿನ್ನಿನ ಮೇಲಿನ ವಿಕರ್ಸ್ ಬಂದೂಕು ತಿರುಗುವ ಪ್ರೊಪೆಲರಿನ ಎಲೆಗಳ ಸಂದಿನಿಂದಲೇ ಗುಂಡು ಹಾರಿಸುತ್ತಿತ್ತು. ಎಲೆಗೆ ತಗುಲದ ಕ್ಷಣ ನೋಡಿ ಗುಂಡು ಬಿಡುವ ಏರ್ಪಾಡು ಅದರಲ್ಲಿದ್ದಿತು. ಮೇಲಿನ ರೆಕ್ಕೆಯ ಮೇಲೆ ಲೂಯಿಸ್ ಬಂದೂಕು. ಅದರ ಗುಂಡು ಮುಗಿದರೆ ಕಂಬಿಯ ಮೇಲೆ ಅದನ್ನು ಕೆಳಗೆಳೆದು, ಒಂದು ಕೈಯಲ್ಲಿ ವಿಮಾನವನ್ನು ಹಿಡಿದು ಇನ್ನೊಂದು ಕೈಯಿಂದ ಗುಂಡಿನ ಚಕ್ರವನ್ನು ಬದಲಾಯಿಸಬೇಕು. ಮುಚ್ಚಿಗೆಯಿಲ್ಲದ ಆಸನ, 15 ಸಾವಿರ ಅಡಿಯ ಮೇಲೆ ಕೊರೆಯುವ ಚಳಿ, ತೆಳುವಾದ ಗಾಳಿ. ಬ್ರಿಟಿಷ್ ವೈಮಾನಿಕರಿಗೆ ಆಗ ಪ್ಯಾರಾಚೂಟ್ ಇರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ಉರಿಯುವುದೋ ಹಾರಿಕೊಳ್ಳುವುದೋ, ಎರಡೇ ದಾರಿ.

1918ನೆಯ ಜುಲೈ 6ರಂದು ದ್ರೋಕೂರ್ ಎಂಬಲ್ಲಿ ಅವನ ಮೊದಲ ವಿಜಯ. ಉರುಳಿದ್ದು ಹ್ಯಾನೋವರ್ ಎಂಬ ಇಬ್ಬರು ಕೂರುವ ಜರ್ಮನ್ ವಿಮಾನ. ಈ ವಿಮಾನದ ಹಿಂದಿನ ಆಸನದಲ್ಲಿ ಬಂದೂಕು ಹಿಡಿದವನೊಬ್ಬ ಇರುತ್ತಿದ್ದ. ಹಿಂದಿನಿಂದ ಅಜಾಗ್ರತೆಯಲ್ಲಿ ಸಮೀಪಿಸಿದವನಿಗೆ ಉಳಿಗಾಲವಿಲ್ಲ. ಜುಲೈ 8ರಂದು ನಾಲ್ಕೇ ಗಂಟೆಗಳ ಒಳಗೆ ಮೂರು ವಿಜಯಗಳು: ಎರಡು ಹ್ಯಾನೋವರ್, ಒಂದು ಫೋಕರ್ ಡಿ.7. 13ರಂದು ಎರಡು, 15ರಂದು ಎರಡು, 18ರಂದು ಒಂದು, 19ರಂದು ಇನ್ನೊಂದು. ಹತ್ತರಲ್ಲಿ ಐದು ಹ್ಯಾನೋವರ್, ಮೂರು ಫೋಕರ್ ಡಿ.7. ಈ ಫೋಕರ್ ಎಷ್ಟು ಸಮರ್ಥವಾದ ವಿಮಾನವೆಂದರೆ, ನವೆಂಬರಿನ ಕದನವಿರಾಮದ ಕರಾರಿನಲ್ಲಿ ಅದರ ಹೆಸರನ್ನೇ ಹೇಳಿ ಎಲ್ಲವನ್ನೂ ಒಪ್ಪಿಸಬೇಕೆಂದು ಜರ್ಮನಿಗೆ ವಿಧಿಸಿದರು.

ಐದು ವಿಮಾನಗಳನ್ನು ಗೆದ್ದವನಿಗೆ ಏಸ್ ಎಂಬ ಹೆಸರು. ಆ ಯುದ್ಧದಲ್ಲಿ ಹಾಗೆ ಎನಿಸಿಕೊಂಡ ಭಾರತೀಯ ಇಂದ್ರಲಾಲನೊಬ್ಬನೇ. ಇಲ್ಲಿ ವಿಜಯವೆಂದರೆ ಹತೋಟಿ ತಪ್ಪಿ ಬೀಳುತ್ತಿದ್ದುದನ್ನು ಕಂಡದ್ದೂ ಸೇರಿದ ಲೆಕ್ಕ. ಅವನ ಹತ್ತರಲ್ಲಿ ಎರಡು ಸಂಗಡಿಗರೊಡನೆ ಹಂಚಿಕೊಂಡವು. ಹಾಗಿದ್ದರೂ ಏಳು ತಿಂಗಳ ಹಿಂದೆ ವಿಮಾನದೊಡನೆ ನೆಲಕ್ಕೆ ಬಿದ್ದ ಹುಡುಗ, ಕಣ್ಣು ಸಾಲದೆಂದು ಒಮ್ಮೆ, ದೇಹ ಸಾಲದೆಂದು ಒಮ್ಮೆ ತಿರಸ್ಕೃತನಾದ ಹುಡುಗ, ಇಷ್ಟನ್ನು ಹದಿಮೂರು ದಿನಗಳ ಅಂತರದಲ್ಲಿ ಸಾಧಿಸಿದನೆಂಬುದು ಸಣ್ಣ ಮಾತಲ್ಲ. ಆಕಾಶದಲ್ಲಿ ಶತ್ರುವನ್ನು ಮೊದಲು ಕಂಡವನೇ ಬದುಕುವವನು. ಯಾವ ಕಣ್ಣು ಕೆಲಸಕ್ಕೆ ಬಾರದೆಂದು ತೀರ್ಪಾಗಿದ್ದಿತೋ ಅದೇ ಕಣ್ಣು ಅವನನ್ನು ಹತ್ತು ಸಲ ಕಾಯಿತು.

ಜುಲೈ 22ರಂದು ಕಾರ್ವಾಂ ಪಟ್ಟಣದ ಮೇಲೆ ಜರ್ಮನರ 29ನೆಯ ಯುದ್ಧವಿಮಾನ ತುಕಡಿಯ ಫೋಕರುಗಳೊಡನೆ ಕಾದಾಟವಾಯಿತು. ಇಂದ್ರಲಾಲನ ವಿಮಾನ ಬೆಂಕಿ ಹತ್ತಿ ಶತ್ರುಗಳ ನೆಲದಲ್ಲಿ ಬಿದ್ದಿತು. ನಾಲ್ಕು ದಿನಗಳ ಮೇಲೆ, 26ರಂದು, ಒಂದು ಕಾಲದಲ್ಲಿ ಇದೇ 40ನೆಯ ಸ್ಕ್ವಾಡ್ರನ್ನಿನ ಕೀರ್ತಿಯಾಗಿದ್ದ ಎಡ್ವರ್ಡ್ ಮ್ಯಾನಕ್ ಮಡಿದ. 31ರಂದು ಗುರು ಮ್ಯಾಕೆಲ್‌ರಾಯ್ ಹಾರಿಹೋದವನು ಮರಳಲಿಲ್ಲ. ಹತ್ತು ದಿನಗಳಲ್ಲಿ ಮೂವರು. ಯುದ್ಧ ಮುಗಿಯಲು ಇನ್ನು ನೂರು ದಿನಗಳಷ್ಟೇ ಉಳಿದಿದ್ದವು.

ಈಗ ಪದಕದ ವಿಷಯ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬುದನ್ನು ಸ್ಥಾಪಿಸಿದ್ದು 1918ನೆಯ ಜೂನ್ 3ರಂದು. ಹಾರುತ್ತ ಶತ್ರುವಿನೆದುರು ತೋರಿದ ಶೌರ್ಯಕ್ಕಾಗಿ ವಾಯುಪಡೆಯ ಅಧಿಕಾರಿಗಳಿಗೆ ಕೊಡುವ ಬೆಳ್ಳಿಯ ಶಿಲುಬೆ, ಬಿಳಿ ಮತ್ತು ನೇರಳೆ ಗೆರೆಗಳ ಪಟ್ಟಿ. ಸೆಪ್ಟೆಂಬರ್ 21ರ ಲಂಡನ್ ಗೆಜೆಟ್ಟಿನಲ್ಲಿ ಇಂದ್ರಲಾಲ್ ರಾಯ್ ಹೆಸರು ಪ್ರಕಟವಾಯಿತು. ಆ ಪದಕ ಪಡೆದ ಮೊದಲ ಭಾರತೀಯ ಅವನು. ಪಡೆದವನು ತೀರಿಕೊಂಡು ಎರಡು ತಿಂಗಳಾಗಿದ್ದಿತು. ಗೆಜೆಟ್ಟಿನ ಪ್ರಶಸ್ತಿಯಲ್ಲಿ ಅವನನ್ನು ಧೀರನೆಂದೂ ದೃಢಸಂಕಲ್ಪನೆಂದೂ ಕರೆದು, ಹದಿಮೂರು ದಿನಗಳಲ್ಲಿ ಒಂಬತ್ತು ಶತ್ರುವಿಮಾನಗಳನ್ನು ಗೆದ್ದನೆಂದು ಎಣಿಸಿದ್ದಾರೆ. ಮುಂದಿನ ಚರಿತ್ರಕಾರರ ಎಣಿಕೆಯಲ್ಲಿ ಅದು ಹತ್ತಾಯಿತು.

ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ಕಂಡವರಿಗೆ ಈ ಪ್ರಶಸ್ತಿಯಲ್ಲಿ ಒಂದು ಕೊರತೆ ತೋರದಿರದು. ಬರಹವುಳ್ಳ ವೀರಗಲ್ಲು ವೀರನ ಹೆಸರಿನೊಡನೆ ಅವನು ಏತಕ್ಕಾಗಿ ಸತ್ತನೆಂಬುದನ್ನೂ ಹೇಳುತ್ತದೆ: ಊರ ತುರುಗಳನ್ನು ಬಿಡಿಸಲು, ಹೆಣ್ಣುಮಕ್ಕಳ ಮಾನ ಕಾಯಲು, ಊರನ್ನು ಸುಡಬಂದವರನ್ನು ತಡೆಯಲು. ಗೆಜೆಟ್ಟು ಎಣಿಕೆಯನ್ನು ಮಾತ್ರ ಹೇಳುತ್ತದೆ. ಏತಕ್ಕಾಗಿ ಎಂಬುದನ್ನು ಹೇಳದು. ಕಲ್ಕತ್ತೆಯ ಈ ಹುಡುಗನ ಯಾವ ಊರನ್ನು ಜರ್ಮನರು ಸುಡಲು ಬಂದಿದ್ದರು?

ಹತ್ತು ವರ್ಷ ಹಿಂದಕ್ಕೆ ನೋಡೋಣ. 1908ನೆಯ ಆಗಸ್ಟ್ 11ರಂದು ಬಂಗಾಳದ ಇನ್ನೊಬ್ಬ ಹುಡುಗ ಖುದಿರಾಮ್ ಬೋಸ್ ಮುಜಫ್ಫರಪುರದಲ್ಲಿ ನೇಣಿಗೇರಿದ. ಅವನಿಗೆ ಹದಿನೆಂಟು ವರ್ಷ. ಒಂದೇ ನಾಡಿನ, ಒಂದೇ ನುಡಿಯ, ಹೆಚ್ಚುಕಡಮೆ ಒಂದೇ ವಯಸ್ಸಿನ ಇಬ್ಬರು. ಒಬ್ಬನಿಗೆ ಬ್ರಿಟಿಷ್ ಸರ್ಕಾರ ಕೊರಳಿಗೆ ಹಗ್ಗ ಕೊಟ್ಟಿತು. ಇನ್ನೊಬ್ಬನಿಗೆ ಬೆಳ್ಳಿಯ ಶಿಲುಬೆ ಕೊಟ್ಟಿತು. ಗೆಜೆಟ್ಟಿನಲ್ಲಿ ಇಂದ್ರಲಾಲನ ಹೆಸರು ಅಚ್ಚಾದ ಆರು ತಿಂಗಳಿಗೆ ರೌಲಟ್ ಶಾಸನ ಬಂದಿತು. ಅದರ ಮರುತಿಂಗಳು, 1919ನೆಯ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡುಗಳು ಹಾರಿದವು. ಲಕ್ಷಾಂತರ ಸೈನಿಕರನ್ನು ಕೊಟ್ಟ ದೇಶಕ್ಕೆ ಸಂದ ಪ್ರತಿಫಲ ಇದು. ಇದನ್ನು ಬಲ್ಲ ನಾವು ಇಂದ್ರಲಾಲನ ಪದಕವನ್ನು ಹಿಗ್ಗಿನಿಂದ ನೋಡಲಾರೆವು. ಹಾಗೆಂದು ಅವನ ಧೈರ್ಯವನ್ನು ಅಲ್ಲಗಳೆಯಲೂ ಆರೆವು.

ಇಂಥ ಇಕ್ಕಟ್ಟು ಕನ್ನಡ ಓದುಗರಿಗೆ ಹೊಸತಲ್ಲ. ಕರ್ಣ ಯಾರ ಪಕ್ಷದಲ್ಲಿ ಕಾದಿದನೆಂಬುದನ್ನು ಪಂಪ ಬಲ್ಲ; ಬಲ್ಲವನಾಗಿಯೂ ಅವನ ನನ್ನಿಯನ್ನೂ ಕಲಿತನವನ್ನೂ ಮನಸಾರೆ ಮೆಚ್ಚಿದ. ಪಕ್ಷ ಬೇರೆ, ವ್ಯಕ್ತಿ ಬೇರೆ ಎಂದು ತೂಗುವ ತಕ್ಕಡಿ ನಮ್ಮ ಕಾವ್ಯದಲ್ಲಿ ಸಾವಿರ ವರ್ಷಗಳಿಂದ ಇದೆ. ಆದರೂ ಕರ್ಣನಿಗೂ ಈ ಹುಡುಗನಿಗೂ ಒಂದು ಅಂತರವುಂಟು. ಕರ್ಣನಿಗೆ ತಾನು ಯಾರ ಮಗನೆಂಬುದು ಯುದ್ಧಕ್ಕೆ ಮೊದಲೇ ತಿಳಿಯಿತು. ತಿಳಿದು ಅವನು ಆರಿಸಿಕೊಂಡ. ಲಂಡನ್ನಿನಲ್ಲಿ ಬೆಳೆದ ಇಂದ್ರಲಾಲನಿಗೆ ಹಾಗೆ ತಿಳಿದು ಆರಿಸಿಕೊಳ್ಳುವಷ್ಟು ಕಾಲ ಸಿಗಲಿಲ್ಲ.

ಕಾಲ ಸಿಕ್ಕವರು ಏನಾದರೆಂಬುದನ್ನು ಹರದಿತ್ ಸಿಂಗ್ ಮಲಿಕ್ ಅವರ ಬಾಳಿನಲ್ಲಿ ಕಾಣಬಹುದು. ಗುಂಡೇಟು ತಿಂದೂ ಬದುಕಿದ ಅವರು ಸ್ವತಂತ್ರ ಭಾರತದ ರಾಯಭಾರಿಯಾಗಿ 1949ರಲ್ಲಿ ಫ್ರಾನ್ಸಿಗೇ ಹೋದರು, 1985ರವರೆಗೆ ಬಾಳಿದರು. ಒಂದು ಕಾಲದಲ್ಲಿ ಬ್ರಿಟಿಷರ ಪರವಾಗಿ ಕಾದಿದ ನೆಲದ ಮೇಲೆ ತಮ್ಮ ದೇಶದ ಬಾವುಟದ ಕೆಳಗೆ ನಿಲ್ಲುವ ಭಾಗ್ಯ ಅವರದಾಯಿತು. ಭಾರತೀಯ ವಾಯುಪಡೆ ಹುಟ್ಟಿದ್ದು 1932ನೆಯ ಅಕ್ಟೋಬರ್ 8ರಂದು. ಇಂದ್ರಲಾಲ್ ಬದುಕಿದ್ದರೆ ಆಗ ಅವನಿಗೆ ಮೂವತ್ತಮೂರು ವರ್ಷ. ಹೊಸ ಹುಡುಗರಿಗೆ ಹಾರುವುದನ್ನು ಕಲಿಸುವ ವಯಸ್ಸು. 1954ರಲ್ಲಿ ಆ ಪಡೆಯ ನಾಯಕತ್ವ ಮೊದಲ ಬಾರಿಗೆ ಭಾರತೀಯರೊಬ್ಬರ ಕೈಗೆ, ಬಂಗಾಳದವರೇ ಆದ ಸುಬ್ರೋತೋ ಮುಖರ್ಜಿಯವರ ಕೈಗೆ ಬಂದಿತು. ಪರರ ಪಡೆಯಲ್ಲಿ ಕಲಿತ ವಿದ್ಯೆಯನ್ನು ಸ್ವಂತ ಪಡೆಗೆ ತಂದುಕೊಟ್ಟ ಆ ಪೀಳಿಗೆಯೊಡನೆ ಅವನೂ ಇರಬಹುದಾಗಿದ್ದಿತು.

ಆದ್ದರಿಂದ ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು: ಆ ಬೆಳ್ಳಿಯ ಪದಕ ಕೊಟ್ಟವರಿಗೆ ಸೇರಿದ್ದು, ಅದರಲ್ಲಿ ಅವರ ಲೆಕ್ಕವಿದೆ. ಮೋಟಾರ್ ಸೈಕಲ್ಲನ್ನು ಮಾರಿದ ಹಟ, ಹಾಸಿಗೆಯಲ್ಲಿ ಬರೆದ ಚಿತ್ರಗಳು, ಬೇಡವೆಂದವರನ್ನು ಎರಡೆರಡು ಸಲ ಒಪ್ಪಿಸಿದ ಛಲ, ಇವು ನಮಗೆ ಸೇರಿದ್ದು. ಇವುಗಳಿಗೆ ಯಾವ ಗೆಜೆಟ್ಟಿನಲ್ಲಿಯೂ ಎಡೆಯಿರಲಿಲ್ಲ. ಭಾರತೀಯನ ಕೈ ಯಂತ್ರವನ್ನು ಆಳಲಾರದು, ಭಾರತೀಯ ಅಧಿಕಾರಿಯಾಗಿ ನಿಲ್ಲಲಾರ ಎಂದು ನಂಬಿದ್ದ ಕಾಲದಲ್ಲಿ ಅವನು ಆ ನಂಬಿಕೆಯನ್ನು ಆಕಾಶದಲ್ಲಿ ಸುಳ್ಳುಮಾಡಿದ. ತಾನು ಮಾಡುತ್ತಿರುವುದು ಅದನ್ನೇ ಎಂದು ಅವನಿಗೆ ತಿಳಿದಿದ್ದಿತೋ ಇಲ್ಲವೋ, ಮಾಡಿದ್ದಂತೂ ಅದನ್ನೇ.

ಕೋಲ್ಕತ್ತದ ಭವಾನಿಪುರದಲ್ಲಿ ಒಂದು ರಸ್ತೆಗೆ ಇಂದ್ರ ರಾಯ್ ಹೆಸರಿದೆ; ಜನ್ಮಶತಾಬ್ದಿಯ ವರ್ಷವಾದ 1998ರಲ್ಲಿ ಭಾರತ ಸರ್ಕಾರ ಅವನ ಸ್ಮರಣೆಗೆ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಅವನ ದೇಹ ಮನೆಗೆ ಬರಲಿಲ್ಲ. ಉತ್ತರ ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಅದು ಮಣ್ಣಾಗಿದೆ. ಅಲ್ಲಿನ ಸಮಾಧಿಯ ಕಲ್ಲಿನ ಮೇಲೆ, ಆ ಹಳ್ಳಿಯವರು ಯಾರೂ ಓದಲಾರದ ಬಂಗಾಳಿ ಅಕ್ಷರಗಳಿವೆ. ಇದು ವೀರನ ಸಮಾಧಿಯೆಂದೂ, ಗೌರವ ತೋರಿ ಮುಟ್ಟದೆ ಹೋಗಬೇಕೆಂದೂ ಅದರ ಭಾವ. ಏತಕ್ಕಾಗಿ ಸತ್ತನೆಂಬುದನ್ನು ಆ ಕಲ್ಲೂ ಹೇಳುವುದಿಲ್ಲ. ಎಲ್ಲಿಯವನೆಂಬುದನ್ನು ಮಾತ್ರ ಅದರ ಲಿಪಿ ಹೇಳುತ್ತದೆ.